ಹಸಿದ ದೇಹ, ದೂರದ ದೇಶ



ಈ ಲೆಂಟ್ ಕಾಲದಲ್ಲಿ ನಾವು ಶುಕ್ರವಾರ ಉಪವಾಸವಿದ್ದು ಬೇರೆ ದೇಶಗಳಿಗಾಗಿ ಪ್ರಾರ್ಥಿಸ್ತಾ ಇದ್ದೀವಿ. ಕಳೆದ ವಾರ ಸೂಡಾನ್‌ಗಾಗಿ ಪ್ರಾರ್ಥಿಸಿದ ಮೇಲೆ ಒಬ್ಬ ತಮ್ಮ ಬಂದು ಕೇಳಿದ: "ಪಾಸ್ಟರ್, ನಾನು ಬಿಟ್ಟ ಅನ್ನ ಅಲ್ಲಿಗೆ ಹೋಗಿ ಮುಟ್ಟಲ್ಲ. ಹಂಗಿದ್ರೆ ನನ್ನ ದೇಹ ಯಾಕೆ ಹಸೀಬೇಕು?"

ಪ್ರಾಮಾಣಿಕ ಪ್ರಶ್ನೆ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಶುರುವಾಯ್ತು. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. 2024ರ ಆಗಸ್ಟ್‌ನಲ್ಲಿ ದಾರ್ಫುರ್‌ನ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ಇದೆ ಅಂತ ದೃಢವಾಯ್ತು. ಅವರದು ಉಪವಾಸ ಅಲ್ಲ, ಹಸಿವು. ನಮಗೆ ಸಂಜೆ ಊಟ ಕಾದಿರುತ್ತೆ. ಎರಡನ್ನೂ ಒಂದೇ ಅನ್ನೋದು ಸುಳ್ಳು.

ಹಾಗಾದ್ರೆ ಉಪವಾಸ ಏನು ಮಾಡುತ್ತೆ? ನಾನು ಸೈದಾಪುರದವನು. ಕಾಲೇಜಿನ ದಿನಗಳಲ್ಲಿ ಸಭೆಯಲ್ಲಿ ಭೂಪಟ ಹಿಡಿದು ಆಫ್ರಿಕಾಕ್ಕಾಗಿ ಕಣ್ಣೀರಿಟ್ಟು ಪ್ರಾರ್ಥಿಸ್ತಿದ್ದೆ. ನಮ್ಮೂರ ಸ್ಟೇಶನ್ನಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟವರ ಪಕ್ಕದಲ್ಲೇ ದಾಟಿ ಹೋಗ್ತಿದ್ದೆ. ಒಂದು ಶುಕ್ರವಾರ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಮಿರ್ಚಿ ಭಜಿ ವಾಸನೆ ಬಂತು, ತಿರುಗಿ ನೋಡಿದೆ. ತಾಯಿಯ ಸೊಂಟದ ಮೇಲಿದ್ದ ಒಂದು ಮಗುನೂ ಅದನ್ನೇ ನೋಡ್ತಿತ್ತು. ಅವತ್ತು ನನ್ನ ಹೊಟ್ಟೆ ನನ್ನ ಕಣ್ಣು ತೆರೆಸಿತು.

ಪ್ರಿಯರೇ, ಉಪವಾಸ ದೇವರಿಗೆ ಕೊಡೋ ಲಂಚ ಅಲ್ಲ. ಅದು ನಮ್ಮ ಮರೆವಿಗೆ ಮದ್ದು. ನಮ್ಮ ಕರ್ತನು ಪರಲೋಕದಿಂದ ಬರೀ ಸಂದೇಶ ಕಳಿಸಲಿಲ್ಲ. ದೇಹ ಧರಿಸಿ ಬಂದನು. ಅಡವಿಯಲ್ಲಿ 40 ದಿನ ಆದ ಮೇಲೆ ಹಸಿದನು, ಶಿಲುಬೆಯ ಮೇಲೆ ಬಾಯಾರಿದನು. ಯೆಶಾಯ 58 ಓದ್ರಿ: ಹಸಿದವನ ಜೊತೆ ರೊಟ್ಟಿ ಹಂಚಿಕೊಳ್ಳದ ಉಪವಾಸ ದೇವರು ಮೆಚ್ಚೋ ಉಪವಾಸವೇ ಅಲ್ಲ.

ಹಾಗಂತ "ಮೊದಲು ನಮ್ಮವರು, ಸೂಡಾನ್ ಆಮೇಲೆ" ಅನ್ನಬೇಡಿ. ಎಲ್ಲಾ ಮನುಷ್ಯರಿಗಾಗಿ ಪ್ರಾರ್ಥಿಸಬೇಕು ಅಂತ ಪೌಲನು ತಿಮೊಥೆಯನಿಗೆ ಬರೆದ. ಆದರೆ ನಿಮ್ಮ ಅಪಾರ್ಟ್‌ಮೆಂಟ್ ಪಕ್ಕದ ತಗಡಿನ ಶೆಡ್ಡಿನಲ್ಲಿರೋ ಯಾದಗಿರಿಯ ಅಣ್ಣನ ಹೆಸರು ಗೊತ್ತಿಲ್ಲದೆ ಸೂಡಾನನ್ನು ಪ್ರೀತಿಸ್ತೀನಿ ಅಂದ್ರೆ, ಆ ಪ್ರೀತಿಗೆ ಇನ್ನೂ ದೇಹ ಬಂದಿಲ್ಲ.

ಈ ಶುಕ್ರವಾರ ಮೊಣಕಾಲೂರಿ ಪ್ರಾರ್ಥಿಸಿ. ಬಿಟ್ಟ ಊಟದ ಹಣ ಹಸಿದವರಿಗಾಗಿ ತೆಗೆದಿಡಿ. ಸಂಜೆ ಆ ಅಣ್ಣನ ಜೊತೆ ಕೂತು ಊಟ ಮಾಡಿ. ಶುಗರ್ ಇರೋರು, ಗರ್ಭಿಣಿಯರು ಊಟ ಬಿಡಬೇಡಿ. ನಿಮ್ಮ ದೇಹವೂ ಪವಿತ್ರಾತ್ಮನ ಆಲಯ.

ತಂದೆಯೇ, ನಮ್ಮ ಹಸಿವು ನಮಗೆ ನೆರೆಯವರನ್ನು ತೋರಿಸಲಿ. ಯೇಸುವಿನ ನಾಮದಲ್ಲಿ, ಆಮೆನ್.