ಆರಿದ ಒಲೆ, ದಡದ ಕೆಂಡ

ಪಾಸ್ಕ ಕಾಲದ ಮೂರನೆಯ ಭಾನುವಾರದ ಪ್ರಬೋಧನೆ
ಶುಭಸಂದೇಶ: ಯೊವಾನ್ನ 21:1-19



ಈ ಸಲದ ತಪಸ್ಸುಕಾಲದಲ್ಲಿ ದೇವಾಲಯದ ಅಡುಗೆಮನೆಯ ಹಿಂದಿನ ಉಗ್ರಾಣವನ್ನು ನಾವೆಲ್ಲ ಸೇರಿ ಖಾಲಿ ಮಾಡಿದ್ದು ನಿಮಗೆ ನೆನಪಿದೆ. ಕಾಲು ಮುರಿದ ಬೆಂಚು, ಗೋದಲಿಗೆಂದು ಕೂಡಿಟ್ಟ ತಗಡು, ಇಲಿ ಕಡಿದ ಚಾಪೆ, ಇವುಗಳ ಅಡಿಯಲ್ಲಿ ಮೂರು ಹಿತ್ತಾಳೆಯ ಪಂಪ್ ಸ್ಟವ್‌ಗಳು ಸಿಕ್ಕವು. ಕಿಲುಬು ಹಿಡಿದು ಹಸಿರಾಗಿದ್ದವು. ಗುಜರಿಯವನು ತಕ್ಕಡಿ ತಂದೇ ನಿಂತಿದ್ದ. ಅವನಿಗೆ ಅದು ಒಲೆಯಲ್ಲ, ಕಿಲೋ ಲೆಕ್ಕದ ಹಿತ್ತಾಳೆ. ಅಷ್ಟರಲ್ಲಿ ನಮ್ಮ ಯುವಕರು, "ತಡೀರಿ ಫಾದರ್, ಹಚ್ಚೋಕಾಗುತ್ತಾ ನೋಡ್ತೀವಿ. ಆಗದಿದ್ರೆ ಆಮೇಲೆ ಕೊಟ್ಟರಾಯ್ತು" ಎಂದರು. ಹಾಗೆ ಶುರುವಾದ ಕೆಲಸ ಪಾಸ್ಕದವರೆಗೂ ನಡೆಯಿತು. ಅದರಲ್ಲಿ ನಾವು ಕಲಿತದ್ದನ್ನು ಇಂದಿನ ಶುಭಸಂದೇಶದ ಬೆಳಕಿನಲ್ಲಿ ನಿಮ್ಮ ಮುಂದಿಡುತ್ತೇವೆ.

ನಮ್ಮಲ್ಲಿ ಹಿರಿಯರಿಗೆ ಈ ಒಲೆಯ ಪರಿಚಯ ಹೇಳಬೇಕಾಗಿಲ್ಲ. ರೇಷನ್ ಕಾರ್ಡು ಹಿಡಿದು ಸೀಮೆಎಣ್ಣೆಗೆ ಸಾಲು ನಿಂತ ಕಾಲ ಅದು. ಸ್ವೀಡನ್ ದೇಶದ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬವರು 1892ರಲ್ಲಿ ಇಂಥ ಒಲೆಯನ್ನು ರೂಪಿಸಿದರು. ಅದಕ್ಕೆ ಬತ್ತಿಯಿಲ್ಲ. ಪಂಪಿನಿಂದ ತೊಟ್ಟಿಯೊಳಗೆ ಗಾಳಿ ತುಂಬುತ್ತೇವೆ. ಗಾಳಿಯ ಒತ್ತಡಕ್ಕೆ ಸೀಮೆಎಣ್ಣೆ ಮೇಲೇರಿ, ಕಾದ ಬರ್ನರಿನಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ಸಣ್ಣ ನಿಪ್ಪಲ್ ರಂಧ್ರದಿಂದ ಹೊರಬಂದು ನೀಲಿಯಾಗಿ ಉರಿಯುತ್ತದೆ. 1911ರಲ್ಲಿ ದಕ್ಷಿಣ ಧ್ರುವ ತಲುಪಿದ ಅಮುಂಡ್ಸೆನ್ ತಂಡ ಹಿಮ ಕರಗಿಸಿ ನೀರು ಮಾಡಿಕೊಂಡದ್ದು ಇಂಥದೇ ಒಲೆಯಲ್ಲಿ. ನಮ್ಮೂರ ಹಬ್ಬಗಳಲ್ಲಿ ಕಾಫಿ ಕುದಿದದ್ದೂ ಇದರಲ್ಲೇ. ಗ್ಯಾಸ್ ಸಿಲಿಂಡರ್ ಬಂತು, ಇದು ಅಟ್ಟ ಸೇರಿತು.

ಸಿಕ್ಕ ಮೂರರಲ್ಲಿ ಒಂದಕ್ಕೆ ಬರ್ನರ್ ಇರಲಿಲ್ಲ, ಇನ್ನೊಂದಕ್ಕೆ ಪಂಪಿನ ಕಡ್ಡಿ ಇರಲಿಲ್ಲ. ಯುವಕರು ಚಾಮರಾಜನಗರದ ಗುಜರಿ ಅಂಗಡಿಗಳಲ್ಲಿ ಹುಡುಕಿದರು. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲದಲ್ಲಿ ವಿಚಾರಿಸಿದರು. ಕನ್ನಡದಲ್ಲಿ ಕೇಳಿದರು, ತಮಿಳಿನಲ್ಲಿ ಕೇಳಿದರು. ಕೊನೆಗೆ ಮೈಸೂರಿನಲ್ಲಿ ಹಳೆಯ ಬೀಗ, ತಾಮ್ರದ ಹಂಡೆಗಳ ರಾಶಿಯ ನಡುವೆ ಬೇಕಾದ ಬರ್ನರ್ ಸಿಕ್ಕಿತು. ಕಳೆದುಹೋದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸಿದ ಹೆಂಗಸಿನ ಸಾಮತಿಯನ್ನು ಲೂಕರ ಶುಭಸಂದೇಶದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆ ಫೋನ್ ಬಂದ ದಿನ ಅವಳ ಸಂತೋಷ ನಮಗೆ ಚೆನ್ನಾಗಿ ಅರ್ಥವಾಯಿತು.

ದುರಸ್ತಿ ಕಲಿಸಿದವರು ಪೇಟೆಯ ಒಬ್ಬ ಹಿರಿಯ ಸಾಬರು. ಒಂದು ಕಾಲದಲ್ಲಿ ಸ್ಟವ್, ಪೆಟ್ರೋಮ್ಯಾಕ್ಸ್, ಕೊಡೆ ರಿಪೇರಿ ಮಾಡಿ ಸಂಸಾರ ಸಾಗಿಸಿದವರು. ನಮ್ಮ ಹುಡುಗರು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಉಜ್ಜಿ ಅವರ ಮುಂದಿಟ್ಟಾಗ ಅವರು ನಕ್ಕರಂತೆ. "ಹೊಳಪು ಕೊನೇ ಕೆಲಸ ಮಕ್ಕಳೇ. ಮೊದಲು ಒಳಗೇನಾಗಿದೆ ನೋಡಿ" ಎಂದು ಒಂದೊಂದೇ ಬಿಚ್ಚಿದರು. ಪಂಪಿನ ಚರ್ಮದ ವಾಷರ್ ಒಣಗಿ ಸುಕ್ಕುಗಟ್ಟಿತ್ತು. ಅದನ್ನು ಬಿಸಾಡಲಿಲ್ಲ. ಎಣ್ಣೆಯಲ್ಲಿ ನೆನೆಹಾಕಿದರು, ಮೆತ್ತಗಾಗಿ ಅರಳಿತು. ನಿಪ್ಪಲ್ ರಂಧ್ರದಲ್ಲಿ ಮಸಿ ಕಟ್ಟಿತ್ತು. ಪಿನ್ ಹಾಕಿ ಹಗುರವಾಗಿ ಬಿಡಿಸಿದರು. ಒರಟಾಗಿ ಚುಚ್ಚಿದರೆ ರಂಧ್ರ ದೊಡ್ಡದಾಗುತ್ತದೆ, ಆಮೇಲೆ ಎಷ್ಟು ಪಂಪ್ ಹೊಡೆದರೂ ಉರಿ ಹಳದಿಯೇ, ಪಾತ್ರೆಗೆ ಮಸಿಯೇ. ತೊಟ್ಟಿಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ, ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ಕಾದು ನೋಡಿದರು.

ಹಚ್ಚುವುದರಲ್ಲೂ ಪಾಠವಿತ್ತು. ಮೊದಲು ಬಟ್ಟಲಿಗೆ ಸ್ಪಿರಿಟ್ ಹಾಕಿ ಬರ್ನರನ್ನು ಕಾಯಿಸಬೇಕು. ಅವಸರ ಮಾಡಿ ತಣ್ಣಗಿರುವಾಗಲೇ ಪಂಪ್ ಹೊಡೆದರೆ ಸೀಮೆಎಣ್ಣೆ ಆವಿಯಾಗದೆ ಚಿಮ್ಮಿ ಭಗ್ಗನೆ ಹತ್ತಿಕೊಳ್ಳುತ್ತದೆ. ಮನಸ್ಸು ತಣ್ಣಗಿರುವವರ ಮೇಲೆ ಬುದ್ಧಿಮಾತಿನ ಪಂಪ್ ಹೊಡೆಯುವ ನಾವು, ತಂದೆತಾಯಂದಿರು, ಉಪದೇಶಿಗಳು, ಗುರುಗಳು, ಇದನ್ನು ನೆನಪಿಡಬೇಕು.

ಮೂರನೆಯ ಒಲೆಯ ತೊಟ್ಟಿಗೆ ಎಂದೋ ಬೆಸುಗೆ ಹಾಕಿ ತೇಪೆ ಹಚ್ಚಿದ್ದರು. ಸಾಬರು ಅದನ್ನು ಪಕ್ಕಕ್ಕಿಟ್ಟು, "ಇದನ್ನ ಇಟ್ಟುಕೊಳ್ಳಿ, ಹಚ್ಚಬೇಡಿ. ಒತ್ತಡ ತಡೆಯಲ್ಲ" ಎಂದರು.

ಪ್ರಿಯರೇ, ಈಗ ತಿಬೇರಿಯ ಸರೋವರದ ದಡಕ್ಕೆ ಹೋಗೋಣ. ಏಳು ಮಂದಿ ಶಿಷ್ಯರು ರಾತ್ರಿಯಿಡೀ ಬಲೆ ಬೀಸಿದ್ದಾರೆ, ಒಂದು ಮೀನೂ ಸಿಕ್ಕಿಲ್ಲ. ಬೆಳಗಾಗುವಾಗ ದಡದಲ್ಲಿ ನಿಂತವರ ಮಾತಿನಂತೆ ಬಲೆ ಬೀಸಿದಾಗ 153 ದೊಡ್ಡ ಮೀನುಗಳು. ದಡಕ್ಕೆ ಬಂದು ನೋಡಿದರೆ ಯೇಸುಸ್ವಾಮಿ ಆಗಲೇ ಕೆಂಡ ಮಾಡಿ, ಅದರ ಮೇಲೆ ಮೀನಿಟ್ಟು, ರೊಟ್ಟಿಯನ್ನೂ ಸಿದ್ಧಮಾಡಿದ್ದಾರೆ. ಮರಣವನ್ನು ಗೆದ್ದ ಪ್ರಭು ಒಲೆಯ ಮುಂದೆ ಕುಳಿತು ಹಸಿದವರಿಗೆ ಬೆಳಗಿನ ತಿಂಡಿ ಮಾಡುತ್ತಿದ್ದಾರೆ.

ಇಲ್ಲಿ ಸಂತ ಯೊವಾನ್ನರು ಬಳಸಿದ ಒಂದು ಪದವನ್ನು ಗಮನಿಸಬೇಕು. ಇದ್ದಿಲಿನ ಕೆಂಡಕ್ಕೆ ಅವರು ಬರೆದ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಒಂದು, ಈ ದಡದಲ್ಲಿ. ಇನ್ನೊಂದು, 18ನೆಯ ಅಧ್ಯಾಯದಲ್ಲಿ, ಪ್ರಧಾನ ಯಾಜಕನ ಅಂಗಳದಲ್ಲಿ. ಅಂದು ಚಳಿಯಿತ್ತು. ಆಳುಗಳು ಮಾಡಿದ ಕೆಂಡದ ಸುತ್ತ ಪೇತ್ರನೂ ನಿಂತು ಮೈ ಕಾಯಿಸಿಕೊಳ್ಳುತ್ತಿದ್ದ. ಕೇಳಿದವರಿಗೆಲ್ಲ, ತಾನು ಆ ಶಿಷ್ಯನಲ್ಲ ಎಂದ. ಒಳಗೆ ಪ್ರಭುವಿಗೆ ಏಟು ಬೀಳುತ್ತಿತ್ತು, ಹೊರಗೆ ಪೇತ್ರನ ಕೈ ಬೆಚ್ಚಗಿತ್ತು.

ಈಗ ಅದೇ ಕೆಂಡ, ಅದೇ ಹೊಗೆಯ ವಾಸನೆ. ಪ್ರಭು ಪೇತ್ರನನ್ನು ಮತ್ತೆ ಬೆಂಕಿಯ ಮುಂದೆಯೇ ಕೂರಿಸಿದರು. ಮೊದಲು ಊಟ ಕೊಟ್ಟರು. ಆಮೇಲೆ, ತಮ್ಮನ್ನು ಪ್ರೀತಿಸುತ್ತೀಯಾ ಎಂದು ಮೂರು ಬಾರಿ ಕೇಳಿದರು. ಪೇತ್ರನಿಗೆ ನೋವಾಯಿತು. ನಿಪ್ಪಲ್‌ಗೆ ಪಿನ್ ಹಾಕುವಾಗ ಮಸಿ ಬಿಡಲೇಬೇಕು. ಆದರೆ ರಂಧ್ರ ಹರಿಯುವಂತೆ ಚುಚ್ಚಲಿಲ್ಲ ನಮ್ಮ ಪ್ರಭು. ಪ್ರತಿ ಸಲ ಉತ್ತರ ಬಂದೊಡನೆ ಕೆಲಸವನ್ನೂ ಒಪ್ಪಿಸಿದರು: ತಮ್ಮ ಕುರಿಗಳನ್ನು ಮೇಯಿಸಬೇಕು. ದುರಸ್ತಿಯಾದ ಒಲೆಗೆ ಜಾಗ ಅಡುಗೆಮನೆ, ಗಾಜಿನ ಕಪಾಟಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಮ್ಮ ಅಡುಗೆಮನೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ.

ಮೊದಲ ಒಲೆ ಭುಸ್ಸೆಂದು ಹತ್ತಿಕೊಂಡ ಸಂಜೆ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಮಾತ್ರ ಎದ್ದು ಹೊರಗೆ ಹೋದರು. "ಆ ಸದ್ದು ಕೇಳೋಕೆ ನನ್ನ ಕೈಲಾಗಲ್ಲ ಫಾದರ್" ಎಂದರು. ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅವರ ತಂಗಿ ಮದುವೆಯಾದ ಎರಡನೆಯ ವರ್ಷವೇ ಸುಟ್ಟು ಸತ್ತಳು. ಸ್ಟವ್ ಸಿಡಿಯಿತು ಎಂದು ಆ ಮನೆಯವರು ಹೇಳಿದರು. ಹಾಗೆಂದೇ ಬರೆಸಿದರು. "ಆ ಮನೇಲಿ ಸ್ಟವ್ವೇ ಇರಲಿಲ್ಲ ಫಾದರ್. ಅವಳು ಸೌದೆ ಒಲೇಲಿ ಅಡುಗೆ ಮಾಡ್ತಿದ್ದಳು. ಮಣ್ಣಿಗೆ ಬಂದವರಿಗೆಲ್ಲ ಅದು ಗೊತ್ತಿತ್ತು. ಯಾರೂ ಕೇಳಲಿಲ್ಲ."

ಆ ಕಾಲದ ಪತ್ರಿಕೆ ಓದಿದವರಿಗೆ 'ಸ್ಟವ್ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿ ಹೊಸದಲ್ಲ. ನಿಜವಾಗಿಯೂ ಸಿಡಿದ ಒಲೆಗಳಿದ್ದವು. ಮಾಡದ ತಪ್ಪನ್ನು ಹೊತ್ತ ಒಲೆಗಳೂ ಇದ್ದವು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಮದುವೆಯಾದ 7 ವರ್ಷದೊಳಗೆ, ವರದಕ್ಷಿಣೆಯ ಕಿರುಕುಳ ಅನುಭವಿಸಿದ ಹೆಣ್ಣು ಸುಟ್ಟು ಸತ್ತರೆ ಗಂಡನ ಮನೆಯವರನ್ನು ಹೊಣೆ ಮಾಡುವ ಕಾನೂನು ಬಂದದ್ದು 1986ರಲ್ಲಿ. ಅದು ಬೇರೆಯವರ ಪಾಪ ಎಂದು ನಾವು ಹೇಳುವಂತಿಲ್ಲ. ಆ ಮದುವೆ ನಡೆದದ್ದು ದೇವಾಲಯದಲ್ಲಿ. ಆ ಮಣ್ಣು ಹಾಕಿದ್ದು ನಮ್ಮ ಸಮಾಧಿಭೂಮಿಯಲ್ಲಿ. ಮೂರನೆಯ ದಿನದ ಊಟ ಉಂಡದ್ದು ನಾವೇ. ಕೇಳಿದ್ದರೆ, ನಮಗೇನೂ ಗೊತ್ತಿಲ್ಲ ಎನ್ನುತ್ತಿದ್ದೆವು. ನಾವೂ ಅಂಗಳದ ಕೆಂಡದಲ್ಲಿ ಕೈ ಕಾಯಿಸಿಕೊಂಡು ನಿಂತವರೇ.

ಪುನರುತ್ಥಾನದ ಪ್ರಭು ನಮ್ಮನ್ನೂ ಆ ಬೆಂಕಿಯ ಮುಂದೆ ಕೂರಿಸುತ್ತಿದ್ದಾರೆ. ಪಾಪನಿವೇದನೆ ಹುಣಸೆಹಣ್ಣಿನ ಹೊಳಪಲ್ಲ. ಒಳಗೇನಾಗಿದೆ ಎಂದು ಬಿಚ್ಚಿ ನೋಡುವುದು. ಆ ತಾಯಿಗೆ ನಾವು ಹೇಳಬೇಕಾದ ಮಾತನ್ನು ಈ ಪುಟದಲ್ಲಿ ಎಲ್ಲರ ಎದುರು ಹೇಳುತ್ತೇವೆ: ಅಮ್ಮಾ, ನಾವು ಕೇಳಬೇಕಿತ್ತು, ಕೇಳಲಿಲ್ಲ. ನಮ್ಮನ್ನು ಕ್ಷಮಿಸಿ.

ಇನ್ನು ಮುಂದಿನ ಕೆಲಸ. ತೇಪೆ ಹಾಕಿದ ಒಲೆಯ ಮಾತು ನೆನಪಿರಲಿ. ಏಟು ತಿಂದು ತವರಿಗೆ ಬಂದ ಮಗಳಿಗೆ, "ಹೊಂದಿಕೊಂಡು ಹೋಗಮ್ಮ, ಕ್ಷಮಿಸಬೇಕು" ಎಂದು ಹೇಳಿ ಅದೇ ಮನೆಗೆ ಕಳುಹಿಸುವುದು ದುರಸ್ತಿಯಲ್ಲ, ಒಡಕು ತೊಟ್ಟಿಗೆ ಮತ್ತೆ ಗಾಳಿ ತುಂಬುವುದು. ಕ್ಷಮೆ ಬೇರೆ, ಅಪಾಯಕ್ಕೆ ಒಪ್ಪಿಸುವುದು ಬೇರೆ. ಅಂಥ ಮಗಳು ಬಂದರೆ ಬಾಗಿಲು ತೆರೆಯಿರಿ, ಅವಳ ಮಾತು ಕೇಳಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಗುರುಗಳ ಮನೆಯ ಬಾಗಿಲೂ ಯಾವ ಹೊತ್ತಿನಲ್ಲಾದರೂ ತಟ್ಟಬಹುದು. ಮದುವೆಯ ಮಾತುಕತೆಯಲ್ಲಿ ಕೊಡುವ, ತೆಗೆದುಕೊಳ್ಳುವ ಲೆಕ್ಕ ಬಂದರೆ ಅಲ್ಲಿಯೇ ಎದ್ದು ನಿಂತು ಬೇಡ ಎನ್ನುವ ಧೈರ್ಯ ನಮಗಿರಲಿ. ಹೆಣ್ಣುಮಗಳನ್ನು ತಕ್ಕಡಿಯಲ್ಲಿ ತೂಗುವವರು ಗುಜರಿಯವನಿಗಿಂತ ಕಡೆ. ಅವನು ತೂಗುವುದು ಹಿತ್ತಾಳೆಯನ್ನು.

ಪಾಸ್ಕ ಜಾಗರಣೆಯ ಪೂಜೆ ಮುಗಿದ ಮೇಲೆ ನೀವೆಲ್ಲ ಕುಡಿದ ಕಾಫಿ ಆ ಎರಡು ಒಲೆಗಳದ್ದು. ಆ ತಾಯಿ ಅಂದು ಅಡುಗೆಮನೆಯ ಕಡೆ ಬರಲಿಲ್ಲ, ನಾವು ಕರೆಯಲೂ ಇಲ್ಲ. ಒಳಗಿನ ಸದ್ದು ಕೇಳಿಸದಷ್ಟು ದೂರದಲ್ಲಿ, ಗುಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಒಬ್ಬ ಹುಡುಗಿ ಲೋಟ ತೆಗೆದುಕೊಂಡು ಹೋಗಿ ಕೊಟ್ಟು, ಅವರ ಪಕ್ಕದಲ್ಲೇ ಕುಳಿತಳು. ಈ ತಿಂಗಳ ಕೊನೆಯ ಶನಿವಾರ ಸಂಜೆಯ ಬಲಿಪೂಜೆಯನ್ನು ಅವರ ತಂಗಿಯ ಆತ್ಮಶಾಂತಿಗಾಗಿ ಅರ್ಪಿಸುತ್ತೇವೆ. ಕನ್ನಡ, ತಮಿಳು, ಮಲಯಾಳ, ಯಾವ ಭಾಷೆಯ ಪೂಜೆಗೆ ಹೋಗುವವರಾದರೂ ಅಂದು ಎಲ್ಲರೂ ಬನ್ನಿ.

ಪ್ರಾರ್ಥಿಸೋಣ. ಪುನರುತ್ಥಾನರಾದ ಪ್ರಭುವೇ, ಆರಿಹೋದವರನ್ನು ತೂಕಕ್ಕೆ ಹಾಕದೆ ಹುಡುಕಿಕೊಂಡು ಬರುವವರು ನೀವು. ಒಣಗಿದ ನಮ್ಮನ್ನು ನಿಮ್ಮ ಆತ್ಮದ ಎಣ್ಣೆಯಲ್ಲಿ ನೆನೆಸಿರಿ. ನಮ್ಮೊಳಗಿನ ಮಸಿಯನ್ನು ನಿಮ್ಮ ಕೈಯಿಂದಲೇ ಬಿಡಿಸಿರಿ. ಸುಟ್ಟುಹೋದ ಹೆಣ್ಣುಮಕ್ಕಳಿಗೆ ನಿಮ್ಮ ಸನ್ನಿಧಿಯಲ್ಲಿ ತಂಪು ನೀಡಿರಿ. ಅವರಿಗಾಗಿ ಬಾಯಿ ತೆರೆಯದ ನಮಗೆ ಇಂದು ಮಾತು ಕೊಡಿರಿ. ಆಮೆನ್.