ಚೌಕಟ್ಟಿನೊಳಗಿನ ರೈಲು, ಹೊರಗಿನ ಊರು

1956ರ ಆಗಸ್ಟ್ ತಿಂಗಳ ಒಂದು ರಾತ್ರಿ. ಅಮೆರಿಕದ ವೆಸ್ಟ್ ವರ್ಜೀನಿಯಾದ ಯೇಗರ್ ಎಂಬ ಸಣ್ಣ ಊರಿನಲ್ಲಿ ಜನ ತಂತಮ್ಮ ಕಾರಿನಲ್ಲೇ ಕೂತು ಬಯಲಿನ ಪರದೆಯಲ್ಲಿ ಸಿನಿಮಾ ನೋಡುತ್ತಿದ್ದಾರೆ. ಪರದೆಯಲ್ಲೊಂದು ಜೆಟ್ ವಿಮಾನ. ಅತ್ತ ಹಳಿಯ ಮೇಲೆ ಬೆಳ್ಳನೆಯ ಉಗಿ ಚೆಲ್ಲುತ್ತ ಎಂಜಿನ್ ನುಗ್ಗುತ್ತಿದೆ. ಓ. ವಿನ್‌ಸ್ಟನ್ ಲಿಂಕ್ ತೆಗೆದ ಈ ಫೋಟೊ ಜಗತ್ಪ್ರಸಿದ್ಧ. ಆದರೆ ಆ ವಿಮಾನ ಮೂಲ ನೆಗೆಟಿವಿನಲ್ಲಿ ಇರಲಿಲ್ಲ. ಫ್ಲ್ಯಾಶ್ ಬಲ್ಬುಗಳ ಬೆಳಕಿಗೆ ಪರದೆ ಬರೀ ಬಿಳಿಯಾಗಿತ್ತು. ಲಿಂಕ್ ಸಿನಿಮಾದ ದೃಶ್ಯವನ್ನು ಬೇರೊಂದು ನೆಗೆಟಿವಿನಿಂದ ತಂದು ಕೂಡಿಸಿದರು. ಮುಂದೆ ಕಾಣುವ ಕಾರೂ ಅವರದೇ, ಅದರಲ್ಲಿ ಜೋಡಿಯನ್ನು ಕೂರಿಸಿದವರೂ ಅವರೇ.

ಹಾಗಾದರೆ ಇದು ಸುಳ್ಳು ಸಾಕ್ಷಿಯೇ?

ಲಿಂಕ್ ನ್ಯೂಯಾರ್ಕಿನ ಜಾಹೀರಾತು ಛಾಯಾಗ್ರಾಹಕ. ದೊಡ್ಡ ರೈಲು ಕಂಪನಿಗಳೆಲ್ಲ ಡೀಸೆಲ್‌ಗೆ ಹೊರಳಿದಾಗಲೂ ವರ್ಜೀನಿಯಾ ಗುಡ್ಡಗಾಡಿನ ನಾರ್‌ಫೋಕ್ ಅಂಡ್ ವೆಸ್ಟರ್ನ್ ಕಂಪನಿ ಉಗಿಯನ್ನು ಬಿಟ್ಟಿರಲಿಲ್ಲ. ಕಲ್ಲಿದ್ದಲು ಸಾಗಣೆಯೇ ಅದರ ಬದುಕು. ಎಂಜಿನ್‌ಗಳನ್ನು ರೋನೋಕಿನ ತನ್ನ ಕಾರ್ಖಾನೆಯಲ್ಲೇ ಕಟ್ಟುತ್ತಿತ್ತು. 1955ರಿಂದ 1960ರವರೆಗೆ ಲಿಂಕ್ ಕೈಯಿಂದ ಹಣ ಹಾಕಿ ಸುಮಾರು 2,400 ನೆಗೆಟಿವ್‌ಗಳನ್ನು ಮಾಡಿಕೊಂಡರು. ಹಲವನ್ನು ತೆಗೆದದ್ದು ರಾತ್ರಿಯಲ್ಲೇ, ಏಕೆಂದರೆ ಬೆಳಕನ್ನು ತಮಗೆ ಬೇಕಾದ ಕಡೆ ನಿಲ್ಲಿಸಲು ಆಗ ಮಾತ್ರ ಸಾಧ್ಯ. ಬಲ್ಬುಗಳೆಲ್ಲ ಒಂದೇ ತಂತಿಯ ಸರಣಿಯಲ್ಲಿದ್ದವು. ಒಂದು ಕೈಕೊಟ್ಟರೆ ಎಲ್ಲವೂ ಕೈಕೊಡುತ್ತಿದ್ದವು. ಇಂಥ ಶ್ರದ್ಧೆಯನ್ನು ಮೋಸ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಬೌದ್ಧ ತಾರ್ಕಿಕ ದಿಙ್ನಾಗನ ಮುಂದೆ ಮಾತ್ರ ಈ ಚಿತ್ರ ಸೋಲುತ್ತಿತ್ತು. ಕಲ್ಪನೆಯ ಸೋಂಕಿಲ್ಲದ ಅರಿವು ಮಾತ್ರ ಅವನಿಗೆ ಪ್ರತ್ಯಕ್ಷ. ವಸ್ತುವಿಗೆ ಹೆಸರು ಅಂಟಿದ ಕ್ಷಣವೇ ಮನಸ್ಸಿನ ಕೈವಾಡ ಶುರು. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ‘ಇದು ಇಂಥದ್ದು’ ಎಂದು ಗುರುತಿಸಿ ನೋಡುವುದೂ ಪ್ರತ್ಯಕ್ಷವೇ, ಆ ಗುರುತು ವಸ್ತುವಿಗೆ ತಕ್ಕುದಾಗಿದ್ದರೆ ಸಾಕು ಎಂದರು. ಲಿಂಕ್ ಪರ ವಾದಿಸುವವರು ನ್ಯಾಯದರ್ಶನದ ಪಕ್ಕ ನಿಲ್ಲಬೇಕು. ಊರಿತ್ತು, ಪರದೆಯಿತ್ತು, ರೈಲು ಹಾದುಹೋಯಿತು. ಕ್ಯಾಮೆರಾ ಹಿಡಿಯಲಾರದೆ ಹೋದದ್ದನ್ನು ಕೈ ಕೂಡಿಸಿತು. ವಿಮಾನದ ತಕರಾರು ಅಲ್ಲಿಗೆ ಮುಗಿಯಬಹುದು.

ಮುಗಿಯದ ತಕರಾರು ಬಿಟ್ಟುಹೋದದ್ದರ ಬಗ್ಗೆ. ‘ಇಲ್ಲ’ ಎಂಬ ಅರಿವಿಗೆ ಮೀಮಾಂಸಾದರ್ಶನದ ಭಾಟ್ಟ ಪಂಥದವರು ಅನುಪಲಬ್ಧಿ (ಕಾಣದಿರುವಿಕೆ) ಎಂಬ ಪ್ರತ್ಯೇಕ ಪ್ರಮಾಣವನ್ನೇ, ಅಂದರೆ ಅರಿವಿನ ಸಾಧನವನ್ನೇ, ಹೇಳಿದರು. ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲ ಎಂದು ತಿಳಿಯುತ್ತದೆ. ಆದರೆ ಅದಕ್ಕೊಂದು ಕಟ್ಟಳೆಯಿದೆ: ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವ ಸ್ಥಿತಿ ಇರಬೇಕು. ಕತ್ತಲ ಕೋಣೆಯಲ್ಲಿ ಕಾಣದ ಮಡಕೆಯಿಂದ ಏನೂ ಸಿದ್ಧವಾಗದು. ಫೋಟೊ ಚೌಕಟ್ಟಿನ ಆಚೆಗೆಲ್ಲ ಅಂಥದೇ ಕತ್ತಲೆ.

ಲಿಂಕ್ ಚಿತ್ರಗಳಲ್ಲಿ ಮಕ್ಕಳು ತೊರೆಯಲ್ಲಿ ಈಜಾಡುತ್ತಾರೆ, ಮನೆಯ ಕಿಟಕಿಯಾಚೆ ರೈಲು ಸಾಗುತ್ತದೆ, ಎಲ್ಲೆಲ್ಲೂ ನೆಮ್ಮದಿ. ಯೇಗರ್ ಇರುವ ಮ್ಯಾಕ್‌ಡೊವೆಲ್ ಕೌಂಟಿಯಲ್ಲಿ ಅದೇ ವರ್ಷಗಳಲ್ಲಿ ಗಣಿಗಳಿಗೆ ಯಂತ್ರಗಳು ಬಂದು ಕೆಲಸಗಳು ಕರಗುತ್ತಿದ್ದವು. 1950ರಲ್ಲಿ ಸುಮಾರು 99,000 ಇದ್ದ ಜನಸಂಖ್ಯೆ 1960ಕ್ಕೆ ಸುಮಾರು 71,000ಕ್ಕೆ ಇಳಿಯಿತು. ಲಿಂಕ್ ಇದನ್ನು ಮುಚ್ಚಿಟ್ಟರು ಎನ್ನುವುದು ಅನ್ಯಾಯ. ಅವರ ಕಣ್ಣು ನೆಟ್ಟದ್ದು ಕಣ್ಮರೆಯಾಗಲಿದ್ದ ಎಂಜಿನ್ ಮೇಲೆ, ಅದರೊಂದಿಗೆ ಬೆಳೆದ ದಿನಚರಿಯ ಮೇಲೆ. ಚಿತ್ರ ನೋಡಿ ಆ ಕಾಲದಲ್ಲಿ ಅಲ್ಲಿ ಕಷ್ಟವೇ ಇರಲಿಲ್ಲವೆಂದು ನಿಟ್ಟುಸಿರಿಡುವ ಇಂದಿನ ನೋಡುಗರು ಮಾತ್ರ, ಭಾಟ್ಟರ ಕಟ್ಟಳೆಯಂತೆ, ಪ್ರಮಾಣವಿಲ್ಲದೆ ತೀರ್ಪು ಕೊಡುತ್ತಿದ್ದಾರೆ.