ಬೀಸುವ ಗಾಳಿಗೆ ಬೆಲೆ

ಬೀಸುವ ಗಾಳಿಗೆ ಯಾರೂ ಕಂದಾಯ ಕಟ್ಟುವುದಿಲ್ಲ. ಹೀಗಿರುವಾಗ, ಅದರಿಂದ ಹುಟ್ಟುವ ವಿದ್ಯುತ್ತನ್ನು ಮೊದಲೇ ಗೊತ್ತುಮಾಡಿದ ದರಕ್ಕೆ ಇಪ್ಪತ್ತು ವರ್ಷ ಕೊಳ್ಳುತ್ತೇವೆಂದು ಒಂದು ದೇಶ ಮಾತು ಕೊಟ್ಟರೆ ಅದು ವಿವೇಕವೋ, ಮುಂದಿನವರ ಕೊರಳಿಗೆ ಹಾಕಿದ ಉರುಳೋ? ಉರುಗ್ವೆಯ ಸಂಗತಿಯನ್ನು ಓದಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ದಕ್ಷಿಣ ಅಮೆರಿಕದಲ್ಲಿ ಬ್ರೆಜಿಲ್ ಮತ್ತು ಅರ್ಜೆಂಟೀನಗಳ ನಡುವೆ ಸಿಕ್ಕಿಕೊಂಡಿರುವ ಪುಟ್ಟ ದೇಶ ಅದು. ಜನಸಂಖ್ಯೆ ಸುಮಾರು 35 ಲಕ್ಷ. ನೆಲದಲ್ಲಿ ಎಣ್ಣೆಯಿಲ್ಲ, ಕಲ್ಲಿದ್ದಲಿಲ್ಲ. ಇದ್ದುದು ನದಿ, ಅಣೆಕಟ್ಟು. ಮಳೆ ಬಾರದ ವರ್ಷ ಹೊರಗಿನ ಎಣ್ಣೆ ತರಿಸಿ ಸುಡಬೇಕು, ಇಲ್ಲವೇ ನೆರೆಯವರ ಬಾಗಿಲಲ್ಲಿ ನಿಲ್ಲಬೇಕು.

2008ರಲ್ಲಿ ರಾಮೋನ್ ಮೆಂಡೆಸ್ ಎಂಬ ಭೌತವಿಜ್ಞಾನಿ ಅಲ್ಲಿನ ಶಕ್ತಿ ಇಲಾಖೆಯ ನಿರ್ದೇಶಕರಾದರು. 2010ರಲ್ಲಿ ಸಂಸತ್ತಿನ ಎಲ್ಲ ಪಕ್ಷಗಳೂ ಹೊಸ ಯೋಜನೆಗೆ ಒಪ್ಪಿದವು. (ನಮ್ಮ ಕಿವಿಗೆ ಇದೇ ಹೆಚ್ಚಿನ ಸೋಜಿಗ!) ಹರಾಜಿನಲ್ಲಿ ಕಡಿಮೆ ದರ ಕೂಗಿದ ಖಾಸಗಿ ಕಂಪನಿಗಳೊಡನೆ ಯು.ಟಿ.ಇ. ಎಂಬ ಸರ್ಕಾರಿ ವಿದ್ಯುತ್ ಸಂಸ್ಥೆ ಇಪ್ಪತ್ತು ವರ್ಷದ ಕರಾರು ಮಾಡಿಕೊಂಡಿತು. 2007ರಲ್ಲಿ ಇಲ್ಲವೆನ್ನುವಷ್ಟಿದ್ದ ಗಾಳಿಯಂತ್ರಗಳ ಸಾಮರ್ಥ್ಯ ಹತ್ತೇ ವರ್ಷದಲ್ಲಿ 1,500 ಮೆಗಾವಾಟಿನ ಆಸುಪಾಸಿಗೆ ಏರಿತು. ಮಳೆ ಚೆನ್ನಾದ ವರ್ಷಗಳಲ್ಲಿ ನದಿ, ಗಾಳಿ, ಬಿಸಿಲು, ಮರದ ಉಳಿಕೆಗಳಿಂದಲೇ ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕ ವಿದ್ಯುತ್ತು ಹುಟ್ಟುತ್ತದೆ.

ಆದರೆ ಕರಾರಾದ ಮೇಲೆ ಜಗತ್ತಿನಲ್ಲಿ ಗಾಳಿಯಂತ್ರ ಅಗ್ಗವಾಯಿತು. ಕರಾರಿನ ದರ ಇಳಿಯಲಿಲ್ಲ. ನಡುರಾತ್ರಿ ಗಾಳಿ ಜೋರಾಗಿ ಬೀಸಿ, ದೀಪವೆಲ್ಲ ಆರಿದ್ದರೂ ಹಣ ಕೊಡಲೇಬೇಕು. ಹೆಚ್ಚಾದದ್ದನ್ನು ನೆರೆಯವರಿಗೆ ಸಿಕ್ಕಿದ ಬೆಲೆಗೆ ಮಾರಬೇಕು. ಹಾಗಾದರೆ ಮೋಸಹೋದರೇ?

ಹೋದರೆಂದು ನಾನು ಹೇಳಲಾರೆ. ಎಣ್ಣೆಯ ಖರ್ಚು ದಿನದಿನದ್ದು; ಗಾಳಿಯಂತ್ರದ ಖರ್ಚು ಬಹುಮಟ್ಟಿಗೆ ಮೊದಲ ದಿನದ್ದೇ. ಅಷ್ಟು ಸಾಲ ಕೊಡುವವನು, ಮಾಲು ಕೊಳ್ಳುವವರು ಯಾರು, ಎಷ್ಟು ಕಾಲ ಎಂದು ಕೇಳಿಯೇ ಕೇಳುತ್ತಾನೆ. ಮಾತು ಗಟ್ಟಿಯಾದಷ್ಟೂ ಬಡ್ಡಿ ಇಳಿಯುತ್ತದೆ. ಅಲ್ಲದೆ ಈ ಯಂತ್ರಗಳ ಆಯುಸ್ಸೂ ಇಪ್ಪತ್ತು, ಇಪ್ಪತ್ತೈದು ವರ್ಷ. ಅಜ್ಜ ಉಂಡು ಮೊಮ್ಮಗ ತೀರಿಸುವ ಸಾಲವಲ್ಲ ಇದು. ಆಯಾ ವರ್ಷ ದೀಪ ಹಚ್ಚಿದವನೇ ಆ ವರ್ಷದ ಕಂತು ಕಟ್ಟುತ್ತಾನೆ. ಎಣ್ಣೆಯ ದರವನ್ನು ನಿರ್ಣಯಿಸುವವರಾದರೂ ಉರುಗ್ವೆಯ ಮಕ್ಕಳನ್ನು ಎಂದು ಕೇಳಿದ್ದರು?

ಅನ್ಯಾಯವೇನಾದರೂ ಇದ್ದರೆ ಅದು ತಲೆಮಾರುಗಳ ನಡುವೆ ಅಲ್ಲ, ಮನೆಮನೆಗಳ ನಡುವೆ ಎಂದು ನನಗೆ ತೋರುತ್ತದೆ. ಎಣ್ಣೆ ಉಳಿದಷ್ಟು ಮನೆಯ ಬಿಲ್ಲು ಇಳಿಯಲಿಲ್ಲ. ಯು.ಟಿ.ಇ. ತನ್ನ ಲಾಭದಿಂದ ಬೊಕ್ಕಸಕ್ಕೂ ಹಣ ಕಟ್ಟುತ್ತದೆ. ಅಂದರೆ ಬಿಲ್ಲಿನೊಳಗೆ ಒಂದು ತೆರಿಗೆ ಅಡಗಿ ಕೂತಿದೆ. ಬಡಮನೆಗಳಿಗೆ ರಿಯಾಯಿತಿಯುಂಟು, ಸರಿ. ಆದರೆ ರಿಯಾಯಿತಿ ಕೊಡುವವರ ದಾಕ್ಷಿಣ್ಯ. ಗಾಳಿಯಾದರೋ ಆ ಮನೆಯ ಮೇಲೂ ಬೀಸಿದ್ದೇ. ಬ್ರೆಜಿಲಿಗೆ ಮಾರಿದ ವಿದ್ಯುತ್ತಿನ ಹಣ ಯಾವ ಪುಟದಲ್ಲಿ ಜಮೆಯಾಗುತ್ತದೆಂದು ಆ ಮನೆಯಾಕೆ ಕೇಳಿದರೆ, ಲೆಕ್ಕದ ಪುಸ್ತಕವನ್ನು ಅವಳ ಮುಂದೆ ತೆರೆದಿಡಬೇಕು.